ಮರದ ಮೀನು ಕುಣಿಸುವ ಕೋಲು

"ಕೋಲನ್ನ ಸುಮ್ನೆ ಹಿಡ್ಕೊಳ್ಳಿ ಬೈಜಾನಣ್ಣ, ಅಲ್ಲಾಡಿಸ್ಬೇಡಿ," ಎಂದಳು ರಿಮ್ಮಾ.

"ಸುಮ್ನೇ ಹಿಡ್ಕೊಂಡಿದೀನಿ ಕಣಮ್ಮ."

ಹಿಡಿದದ್ದೇನೋ ಸುಮ್ಮನೆಯೇ. ಕೈ ಸುಮ್ಮನಿರಬೇಕಲ್ಲ. ಬಲಗೈಯ ನಡುಕ ಹಿಡಿಯಿಂದ ಹತ್ತಿಕೊಂಡು ತುದಿಯವರೆಗೆ ಹೋಗಿ, ಅಲ್ಲಿ ನಾಲ್ಕು ಪಾಲು ಹೆಚ್ಚಾಗಿ, ಸೂರಿನಿಂದ ನೇತುಹಾಕಿದ್ದ ರಬ್ಬರ್ ಬೂಟುಗಳಿಗೆ ಟಕಟಕ ಬಡಿಯುತ್ತಿತ್ತು. ಬೈಜಾನ್ ನಾಚಿಕೊಂಡು ಎಡಗೈಯನ್ನೂ ಸೇರಿಸಿ ಹಿಡಿದ. ಆಗ ಸ್ವಲ್ಪ ಕಡಿಮೆಯಾಯಿತು.

ರಿಮ್ಮಾ ಶೆಗಾಯ್ ಕಾಪ್ಚಗಾಯ್ ಪೇಟೆಯಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟು ಹದಿನೆಂಟು ವರ್ಷ. ಅಜ್ಜಿಯ ಕಾಲಕ್ಕೆ ಇಲ್ಲಿಗೆ ಬಂದು ನಿಂತ ಕೊರಿಯಾದವರ ಮನೆಯ ಹೆಂಗಸು. ಗಿರಾಕಿಗಳನ್ನು ಬೈದು ಬೈದೇ ವ್ಯಾಪಾರ ಮಾಡುವವಳು. ಬೈಸಿಕೊಳ್ಳುವುದಕ್ಕೆಂದೇ ಅಲ್ಮಾತಿಯಿಂದ ಕಾರು ಮಾಡಿಕೊಂಡು ಬರುವವರಿದ್ದರು. ಅಂಥವಳೂ ಆ ಕೈ ನೋಡಿ ಬೈಯಲಿಲ್ಲ.

"ಯಾವಾಗಿಂದ ಹೀಗೆ?"

"ನಾಲ್ಕನೇ ವರ್ಷ ಇದು."

"ಡಾಕ್ಟ್ರಿಗೆ ತೋರಿಸಿದ್ರಾ?"

"ಗುಳಿಗೆ ಕೊಟ್ಟಿದಾರೆ. ನುಂಗಿದ್ರೆ ನಿದ್ದೆ ಬರುತ್ತೆ. ನಿದ್ದೇಲಿ ನಡುಗುತ್ತೋ ಇಲ್ವೋ, ನೋಡಿ ಹೇಳೋಕೆ ಮನೇಲಿ ಯಾರೂ ಇಲ್ಲ."

ತಮಾಷೆಗೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಬೈಜಾನನ ಹೆಂಡತಿ ಸತ್ತು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಇಲಿ ನದಿಗೆ ಹಗ್ಗದ ದೋಣಿ ಇದ್ದ ಕಾಲದಲ್ಲಿ ಅದನ್ನು ನಡೆಸುತ್ತಿದ್ದವನು, ಸೇತುವೆ ಬಂದ ಮೇಲೆ ದಡದಲ್ಲಿ ಕೂತು ಗಾಳ ಹಾಕುವವನಾಗಿದ್ದ.

"ನಿಮ್ಮದು ಚಮಚದ ಗಾಳ ಅಲ್ವಾ ಅಣ್ಣ, ಹೊಳೆಯೋ ತಗಡಿನದು? ಮನೇಲಿ ಮೂರು ಮೀಟರಿನ ಕೋಲಿದೆ, ಹಳೇದು, ಮೆತ್ತಗಿನದು. ಅದಕ್ಕೇನಾಯ್ತು?"

"ಅದಕ್ಕೇನೂ ಆಗಿಲ್ಲ. ಇದು ನನಗಲ್ಲ."

ಕೋಲನ್ನು ಗೋಡೆಗೆ ಒರಗಿಸಿ ಅವನು ಕೋಟಿನ ಒಳಜೇಬಿನಿಂದ ಒಂದು ಕರವಸ್ತ್ರ ತೆಗೆದ. ಗಂಟು ಬಿಚ್ಚುವುದಕ್ಕೆ ಬಹಳ ಹೊತ್ತು ಬೇಕಾಯಿತು. ರಿಮ್ಮಾ ಕೈ ಹಾಕಲು ಹೋಗಿ ಸುಮ್ಮನಾದಳು. ಒಳಗಿದ್ದದ್ದು ಬೆರಳುದ್ದದ ಮರದ ಮೀನು, ಹೊಟ್ಟೆಯಡಿ ಕೊಕ್ಕೆ, ದೊಡ್ಡ ಮೀನನ್ನು ಮರುಳುಮಾಡಲು ದಾರಕ್ಕೆ ಕಟ್ಟುವಂಥದ್ದು. ಹೊಳೆಬದಿಯ ತುರಾಂಗಾ ಮರದ ಕೊಂಬೆಯಲ್ಲಿ ಕೆತ್ತಿದ್ದು. ಕಾದ ಮೊಳೆಯಿಂದ ಸುಟ್ಟು ಕಣ್ಣು ಮಾಡಿತ್ತು, ಗಂಟಲಿಗೆ ಹೆಂಗಸರ ಉಗುರಿನ ಕೆಂಪು ಬಣ್ಣ ಬಳಿದಿತ್ತು. ನೀರು ಸೀಳಲೆಂದು ಬಾಯಿಯ ಕೆಳಗೆ ಹಾಲಿನ ಡಬ್ಬದ ತಗಡಿನ ಚೂರೊಂದನ್ನು ಸಿಗಿಸಿತ್ತು.

"ನನ್ನ ಅಳಿಯ ಮಾಡಿದ್ದು. ತಂಗಿ ಮಗ, ಇಲೆಸ್ ಅಂತ. ಹನ್ನೆರಡು ವರ್ಷದವನಿದ್ದಾಗ. ಇದಕ್ಕೆ ಸರಿಯಾದ ಕೋಲು ಬೇಕು. ಚಮಚ ಅಂದ್ರೆ ನಂಗೊತ್ತು, ಇದು ಗೊತ್ತಿಲ್ಲ."

ರಿಮ್ಮಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಹುಡುಗ ಜಾಣ," ಎಂದಳು. "ನಿಮ್ಮ ಕೋಲಿಗೆ ಇದನ್ನ ಕಟ್ಟಿದ್ರೆ ಕಟ್ಟಿಗೆ ಎಳೆದ ಹಾಗೆ ಬರುತ್ತೆ, ಅಷ್ಟೆ. ಚಮಚ ತಾನೇ ಕುಣಿಯುತ್ತೆ, ನೀವು ನಿಧಾನಕ್ಕೆ ಎಳ್ಕೊಂಡ್ರೆ ಸಾಕು. ಇದು ಸೋಮಾರಿ, ತಾನಾಗಿ ಏನೂ ಮಾಡಲ್ಲ. ಕೋಲಿನ ತುದೀಲಿ ಚಿವುಟ್ತಾ ಇರ್ಬೇಕು. ಮೆತ್ತಗಿನ ಕೋಲು ಆ ಚಿವುಟನ್ನೆಲ್ಲ ತಾನೇ ನುಂಗಿಬಿಡುತ್ತೆ, ಮೀನಿಗೆ ಮುಟ್ಟಿಸಲ್ಲ."

ಆಮೇಲೆ ಅವಳು ಅವನ ಕೈಗೆ ಒಂದಾದ ಮೇಲೊಂದು ಕೋಲು ಕೊಡುತ್ತ ಹೋದಳು. ಒಂದು ಉದ್ದವಾಯಿತು: "ತುದಿ ನೀರಿಗೆ ಬಡಿಯುತ್ತೆ." ಒಂದು ತೀರ ಗಡಸಾಯಿತು: "ಇದರಲ್ಲಿ ಕಾರ್ಪೆಟ್ ಧೂಳು ಹೊಡೀಬಹುದು." ಕೊನೆಗೆ ಕಪಾಟಿನ ಹಿಂದಿನಿಂದ ಎರಡು ಮೀಟರಿಗೂ ಗಿಡ್ಡನೆಯ ಕಪ್ಪು ಕೋಲೊಂದನ್ನು ತೆಗೆದಳು. ಬುಡ ಗಟ್ಟಿ, ತುದಿಯ ಒಂದು ಗೇಣು ಮಾತ್ರ ಬಾಗುತ್ತಿತ್ತು. ರೀಲು ಸಿಗಿಸಿ, ದಾರ ಪೋಣಿಸಿ, ಮರದ ಮೀನನ್ನು ತಾನೇ ಕಟ್ಟಿದಳು.

"ಬನ್ನಿ."

ಅಂಗಡಿಯ ಮುಂದೆ ರಸ್ತೆ ಬದಿಯಲ್ಲಿ ನೀರುಕಾಲುವೆ ಹರಿಯುತ್ತಿತ್ತು. ಮೊಣಕಾಲುದ್ದದ ನೀರು. ಬೈಜಾನ್ ಮೀನನ್ನು ನೀರಿಗೆ ಬಿಟ್ಟು ಕೋಲು ಹಿಡಿದು ನಿಂತ. ಏನೂ ಮಾಡಲಿಲ್ಲ, ಬರಿದೇ ನಿಂತ. ಮರದ ಮೀನು ಒಮ್ಮೆ ತಲೆ ಒದರಿತು. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಉಸಿರು ಸಿಕ್ಕಿಕೊಂಡ ಮರಿಮೀನಿನ ಹಾಗೆ ಒದ್ದಾಡತೊಡಗಿತು. ಎಷ್ಟು ಚೆನ್ನಾಗಿ ಒದ್ದಾಡಿತೆಂದರೆ ಪಕ್ಕದ ಅಂಗಡಿಯ ಬೆಕ್ಕು ಎದ್ದು ಬಂದು ಕಾಲುವೆಯ ಅಂಚಿನಲ್ಲಿ ಕೂತಿತು.

"ನೋಡಿದ್ರಾ," ಎಂದಳು ರಿಮ್ಮಾ. ಅವಳ ದನಿ ಮೆತ್ತಗಾಗಿತ್ತು. "ಇದನ್ನ ಕಲಿಯೋಕೆ ಜನ ಎರಡೆರಡು ವರ್ಷ ಒದ್ದಾಡ್ತಾರೆ. ನಿಮ್ಮ ಕೈಗೆ ತಾನಾಗೇ ಬಂದಿದೆ. ಅಳಿಯನಿಗೆ ಯಾಕೆ ಕೊಡ್ತೀರಿ, ನೀವೇ ಇಟ್ಕೊಳ್ಳಿ."

"ಕೊಡೋದಲ್ಲ," ಎಂದ ಬೈಜಾನ್. "ಅವನು ಕೇಳ್ಬೇಕು."

ರಿಮ್ಮಾಳಿಗೆ ಅಷ್ಟು ಸಾಕಾಯಿತು. ಹುಟ್ಟಿ ಬೆಳೆದದ್ದು ಇಲ್ಲೇ ಅಲ್ಲವೆ, ಇಲ್ಲಿಯ ರೂಢಿ ಗೊತ್ತು, ಮತ್ತೆ ಕೇಳಲಿಲ್ಲ. ಕೋಲು ಕಟ್ಟಿಕೊಡುವಾಗ ಒಂದು ಮಾತು ಮಾತ್ರ ಹೇಳಿದಳು. "ಇದು ಕ್ಷಮಿಸೋ ಕೋಲಲ್ಲ ಅಣ್ಣ. ನಿಮ್ಮ ಹಳೇದರ ಹಾಗೆ ಮೈಭಾರ ಹಾಕಿ ಹಿಂದಕ್ಕೆ ಎಳೆದ್ರೆ ಬಾಗಲ್ಲ. ದಾರ ಹೋಗುತ್ತೆ, ಮೀನೂ ಹೋಗುತ್ತೆ. ದೊಡ್ಡದೇನಾದ್ರೂ ಹಿಡೀತು ಅಂದ್ರೆ ರೀಲು ಸಡಿಲ ಬಿಡಿ, ಓಡಲಿ. ಅಳಿಯನಿಗೂ ಹೇಳಿ."

"ಹೇಳ್ತೀನಿ," ಎಂದ ಬೈಜಾನ್.

ಅವನ ಊರಾದ ಜಿಡೆಲಿಗೆ ವ್ಯಾನಿನಲ್ಲಿ ಎರಡು ಗಂಟೆಯ ದಾರಿ. ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಅವನು ಕಿಟಕಿಯ ಪಕ್ಕ ಕೂತ.

ಅಳಿಯನಾದವನು ಸೋದರಮಾವನಲ್ಲಿ ಮೂರು ಸಲ ಬಾಯಿಬಿಟ್ಟು ಕೇಳಬಹುದು. ಕುದುರೆ ಕೇಳಲಿ, ಮೈಮೇಲಿನ ಕೋಟು ಕೇಳಲಿ, ಮಾವ ಇಲ್ಲ ಅನ್ನುವಂತಿಲ್ಲ. ಅಳಿಯನ ಮೇಲೆ ಕೈ ಮಾಡುವಂತೆಯೂ ಇಲ್ಲ. ಮಾಡಿದರೆ ಆ ಕೈಗೆ ನಡುಕ ಹತ್ತುತ್ತದೆ. ಜಿಡೆಲಿಯಲ್ಲಿ ಇದು ಮೊಲೆ ಬಿಡದ ಕೂಸಿಗೂ ಗೊತ್ತು. ಇಲೆಸ್ ಆರು ವರ್ಷದವನಿದ್ದಾಗ ಕಪ್ಪು ತಲೆಯ ಟಗರು ಕೇಳಿದ್ದ, ಕೊಟ್ಟಿದ್ದಾಯಿತು. ಇಪ್ಪತ್ತೊಂದರಲ್ಲಿ ಪಕ್ಕದ ತೊಟ್ಟಿಲಿದ್ದ ಮೋಟಾರ್ ಸೈಕಲ್ಲು ಕೇಳಿದ. ಅದನ್ನೂ ಕೊಟ್ಟು ಬೈಜಾನ್ ಒಂದು ವರ್ಷ ಕತ್ತೆಯ ಮೇಲೆ ಓಡಾಡಿದ. ಊರೆಲ್ಲ ನಕ್ಕಿತು, ಅವನೂ ನಕ್ಕ. "ಮೂರನೇದನ್ನ ಉಳಿಸ್ಕೊಂಡಿದೀನಿ ಮಾವ," ಅನ್ನುತ್ತಿದ್ದ ಇಲೆಸ್. "ನಿನ್ನ ಚಿನ್ನದ ಹಲ್ಲು ಬೀಳ್ಲಿ, ಅದನ್ನೇ ಕೇಳ್ತೀನಿ."

ಆಮೇಲೆ ತಂಗಿ ಕುಲ್ಯಾಶ್ ತೀರಿಕೊಂಡಳು. ಜನವರಿ. ಒಬ್ಬನೇ ಮಗ, ದೂರದ ಎಕಿಬಾಸ್ತುಜ್ ಗಣಿಯಲ್ಲಿ ಮಣ್ಣು ತೋಡುವ ಯಂತ್ರ ನಡೆಸುತ್ತಿದ್ದವನು, ತಾಯಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದವನು, ಬಂದು ತಲುಪುವ ಹೊತ್ತಿಗೆ ಗುಣಿ ಮುಚ್ಚಿ ದಿಬ್ಬವೂ ಎದ್ದಿತ್ತು. ಬೈಜಾನ್ ಹಿಂದೆಮುಂದೆ ನೋಡಲಿಲ್ಲ. ನಲವತ್ತು ಗಂಡಸರ ಮುಂದೆ ಕೆನ್ನೆಗೆ ಬಾರಿಸಿಬಿಟ್ಟ. ಇಲೆಸನ ಟೋಪಿ ಬಿದ್ದಿತ್ತು, ಎತ್ತಿಕೊಂಡ. ದಿಬ್ಬದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಮನೆಯೊಳಗೆ ಕಾಲಿಡದೆ ಹೋದ. ಹಿಮದಲ್ಲಿ ರೈಲು ಹದಿನೇಳು ಗಂಟೆ ನಿಂತಿತ್ತೆಂದೂ, ಕೊನೆಯ ಹನ್ನೆರಡು ಮೈಲಿ ಅವನು ನಡೆದೇ ಬಂದಿದ್ದನೆಂದೂ ಗೊತ್ತಾದದ್ದು ವಾರ ಕಳೆದ ಮೇಲೆ. ಆ ವಸಂತದಲ್ಲಿ ಹಿಮ ಕರಗುವ ಹೊತ್ತಿಗೆ ಬೈಜಾನನ ಬಲಗೈಗೆ ನಡುಕ ಶುರುವಾಗಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳುವುದಕ್ಕೇನಿತ್ತು? ಊರೇ ನೋಡಿತ್ತು.

ತಪ್ಪಾಯಿತು ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಸೋದರಮಾವ ಅಳಿಯನಿಗೆ ಹಾಗೆ ಅಂದದ್ದನ್ನು ಅವನು ಕೇಳಿಯೇ ಇರಲಿಲ್ಲ. ಆದರೆ ಇಲೆಸನ ಮೂರನೆಯ ಹಕ್ಕು ಉಳಿದಿತ್ತಲ್ಲ. ಅವನೊಮ್ಮೆ ಬಾಯಿಬಿಟ್ಟು ಕೇಳಿಬಿಟ್ಟರೆ, ಇವನು ಕೊಟ್ಟುಬಿಟ್ಟರೆ, ತಗೊಂಡು ಹೋಗಲು ಅವನು ಬರಲೇಬೇಕು. ಬಂದರೆ ಚಹಾ ಕುಡಿಯಲೇಬೇಕು. ಇಷ್ಟೇ ಲೆಕ್ಕಾಚಾರದ ಮೇಲೆ ಬೈಜಾನ್ ಬೇಸಿಗೆಯುದ್ದಕ್ಕೂ ಬದುಕಿದ್ದ. ಕೇಳುವಂಥದ್ದು ಮನೆಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಈ ಕೋಲು.

ವ್ಯಾನಿಳಿದಾಗ ಪಕ್ಕದ ಮನೆಯ ದಾಕೆನ್ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದ.

"ಏನೋ ಅದು ಉದ್ದಕ್ಕೆ? ಬಂದೂಕಾ?"

"ಗಾಳದ ಕೋಲು."

"ಹೊಸದಾ? ಬಿಚ್ಚು, ನೋಡೋಣ." ದಾಕೆನ್ ನೋಡಿ, ತಲೆದೂಗಿ, ಜೇಬು ತಡಕಿ, ಕೈಗೆ ಸಿಕ್ಕಿದ ನಾಲ್ಕು ಒಣ ಮೊಸರಿನ ಉಂಡೆಗಳನ್ನು ಬೈಜಾನನ ಅಂಗೈಗೆ ಹಾಕಿದ. "ತಗೋ, ನಿನ್ನ ಬೈಗಾಜಿ. ಒಳ್ಳೇದಾಗ್ಲಿ."

ಹೊಸ ಸಾಮಾನು ತೋರಿಸಿದವನಿಗೆ ನೋಡಿದವನು ಏನಾದರೂ ಕೊಡಬೇಕು, ಅದು ಬೈಗಾಜಿ. ಕಾಸಾಗಲಿ, ಮಿಠಾಯಿಯಾಗಲಿ. ಬೈಜಾನ್ ಒಂದು ಉಂಡೆ ಬಾಯಿಗೆ ಹಾಕಿಕೊಂಡು ಒಳಗೆ ಹೋದ. ಎಚ್ಚರಾಗಬೇಕಾಗಿದ್ದದ್ದು ಅಲ್ಲಿಯೇ. ಆಗಲಿಲ್ಲ.

ಕೋಲನ್ನು ಕೆಂಪು ಕಾರ್ಪೆಟ್ಟಿನ ಗೋಡೆಗೆ ಒರಗಿಸಿ, ತುದಿಯಿಂದ ಮರದ ಮೀನನ್ನು ಇಳಿಬಿಟ್ಟು ಫೋಟೋ ತೆಗೆದ. ಮೊದಲ ಆರು ಫೋಟೋ ಮಂಜುಮಂಜಾಗಿ ಬಂದವು, ಕೈಯ ದೆಸೆಯಿಂದ. ಏಳನೆಯದಕ್ಕೆ ಫೋನನ್ನು ಚಹಾದ ಪಾತ್ರೆಗೆ ಆನಿಸಿ ತೆಗೆದ, ಅದು ಪರವಾಗಿಲ್ಲ. ಇಲೆಸನ ನಂಬರಿಗೆ ಕಳಿಸಿದ. ಜೊತೆಗೆ ಏನು ಬರೆಯಬೇಕು? 'ಬೇಕಾ' ಅಂತ ಬರೆಯುವಂತಿಲ್ಲ, ಹಾಗೆ ಬರೆದರೆ ಅವನು ತಾನಾಗಿ ಕೇಳಿದ ಹಾಗಾಗುವುದಿಲ್ಲ. ಏನೂ ಬರೆಯಲಿಲ್ಲ.

ಚಹಾ ಕಾಸಿ ಹಾಲು ಹಾಕಿದ. ಹೊರಗೆ ಹೋಗಿ ಕುರಿಗಳಿಗೆ ಹುಲ್ಲು ಎಳೆದು ಹಾಕಿ ಬಂದ. ಫೋನಿನ ಮೇಲೆ ಎರಡು ನೀಲಿ ಗೆರೆಗಳು ಬಿದ್ದಿದ್ದವು. ನೋಡಿದ್ದಾನೆ. ಬೈಜಾನ್ ಕುರ್ಚಿ ಎಳೆದುಕೊಂಡು ಫೋನಿನ ಎದುರಿಗೇ ಕೂತ. ಕತ್ತಲಾಗುವ ಮುಂಚೆ ಅದು ಟಿಣ್ ಎಂದಿತು.

ಬಂದದ್ದು ಹಣ, ಐದು ಸಾವಿರ ತೆಂಗೆ. ಕೆಳಗೆ ಒಂದು ಸಾಲು: 'ಬೈಗಾಜಿ. ಹೊಸ ಕೋಲು ನಿಮಗೆ ಒಳ್ಳೆಯದನ್ನು ಮಾಡಲಿ.'

ಬೈಜಾನ್ ಅದನ್ನು ನಾಲ್ಕು ಸಲ ಓದಿದ. ಆಮೇಲೆ ಅರ್ಥವಾಯಿತು, ತಾನೆಂಥ ಹೆಡ್ಡನೆಂದು. ಹೊಸದನ್ನು ತೋರಿಸುವುದೆಂದರೆ ಕೈಯೊಡ್ಡುವುದು. ಅಳಿಯ ತನ್ನಲ್ಲಿ ಕೇಳಲೆಂದು ಹೊರಟವನು ತಾನೇ ಅಳಿಯನಲ್ಲಿ ಕೇಳಿದ್ದ. ಆ ಹುಡುಗನಾದರೂ ಏನು ತಿಳಿದಾನು? ನಾಲ್ಕು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಮುದುಕ ಒಂದು ಕೋಲು ತೋರಿಸಿ ದುಡ್ಡು ಕೇಳುತ್ತಿದ್ದಾನೆ. ದಾಕೆನ್ ಕೊಟ್ಟ ಹಾಗೆ ಕೊಟ್ಟಿದ್ದಾನೆ. ಬೇಲಿಯಾಚೆಯವರಿಗೆ ಕೊಡುವ ಹಾಗೆ. ಬೈಗಾಜಿಯನ್ನು ವಾಪಸು ಕಳಿಸುವಂತಿಲ್ಲ, ಕಳಿಸಿದರೆ ಇನ್ನೊಂದು ಕಪಾಳಕ್ಕೆ ಕೊಟ್ಟ ಹಾಗೆ.

"ನಿಮಗೆ ಅಂತೆ. ನೀನು ಅಂತಿದ್ದವನು," ಎಂದ ಖಾಲಿ ಮನೆಗೆ. ಅವನಿಗೆ ಅಳು ಬಂತು. ಅತ್ತ.

ಬೆಳಗಾಗುತ್ತಲೇ ಕೋಲು ತಗೊಂಡು ಹೊಳೆಗೆ ನಡೆದ. ಸಿಟ್ಟಿನಲ್ಲೇ ಹೊರಟದ್ದು, ಯಾರ ಮೇಲೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬೈಗಾಜಿ ಬಿದ್ದ ಮೇಲೆ ಸಾಮಾನು ತನ್ನದೇ ಆಯಿತಲ್ಲ, ಇನ್ನು ಯಾರಿಗಾಗಿ ಗೋಡೆಗೆ ಒರಗಿಸಿಡುವುದು? ಸೆಪ್ಟೆಂಬರಿನ ಕೊನೆ. ದಡದ ಜಿಡೆ ಮರಗಳು ಎಲೆ ಉದುರಿಸುತ್ತಿದ್ದವು. ಬೆಳ್ಳಿ ಬಣ್ಣದ ಕಿರುಬೆರಳಿನಂಥ ಎಲೆಗಳು ನೀರಿನ ಮೇಲೆ ಗುಂಪುಗುಂಪಾಗಿ ತೇಲಿಹೋಗುತ್ತಿದ್ದವು. ಹಳೆಯ ದೋಣಿಕಟ್ಟೆಯ ಕೆಳಗೆ ನೀರು ಸೊಂಟ ಮುರಿದುಕೊಂಡು ತಿರುಗುವಲ್ಲಿ ಜೆರೆಖ್ ಮೀನುಗಳು ಬೇಟೆಗೆ ನಿಂತಿದ್ದವು. ಆಗಾಗ ಒಂದೊಂದು ನೆಗೆದು ಬಾಲದಿಂದ ನೀರಿಗೆ ಹೊಡೆಯುತ್ತಿತ್ತು. ಈ ವರ್ಷ ಅವನಿಗೆ ಒಂದೂ ಸಿಕ್ಕಿರಲಿಲ್ಲ. ನಡುಗುವ ಕೈಯಲ್ಲಿ ಚಮಚ ಅಡ್ಡಾದಿಡ್ಡಿ ಬರುತ್ತಿತ್ತು, ಜೆರೆಖ್ ಹತ್ತಿರ ಬಂದು ಮೂಸಿ ತಿರುಗಿ ಹೋಗುತ್ತಿತ್ತು.

ಮರದ ಮೀನನ್ನು ಎಸೆದ. ಹಗುರವಾದದ್ದು, ದೂರ ಹೋಗಲಿಲ್ಲ. ನೀರಿನ ಮೇಲೆ ಎಲೆಗಳ ನಡುವೆ ಮತ್ತೊಂದು ಎಲೆಯ ಹಾಗೆ ತೇಲಿತು. ಕೈ ನಡುಗಿತು. ಮೀನು ತಲೆ ಕೆಳಗೆ ಮಾಡಿ ಮುಳುಗಿ ಒದ್ದಾಡತೊಡಗಿತು. ಬೈಜಾನನಿಗೆ ಸಿಟ್ಟೆಲ್ಲ ಮರೆತೇಹೋಯಿತು. ನಾಲ್ಕು ವರ್ಷದಿಂದ ಲೋಟ ಹಿಡಿಯಲು ಬಾರದ, ಗುಂಡಿ ಹಾಕಲು ಬಾರದ ಕೈ ಇಲ್ಲಿ ಒಂದು ಕೆಲಸಕ್ಕೆ ಬಂದಿತ್ತು. ಹುಡುಗ ಇದ್ದಿದ್ದರೆ ಅಂದುಕೊಂಡ. ಹುಡುಗ ಇಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದರೆ.

ಜೆರೆಖ್ ಬಂದದ್ದು ಕಾಣಿಸಲೇ ಇಲ್ಲ. ನೀರು ಒಡೆಯಿತು, ಕೋಲು ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ಮೂವತ್ತು ವರ್ಷದ ಅಭ್ಯಾಸ. ಮೆತ್ತಗಿನ ಉದ್ದ ಕೋಲಿನಲ್ಲಿ ಹೇಗೋ ಹಾಗೆಯೇ, ಕಾಲು ಊರಿ, ಮೈಭಾರವನ್ನೆಲ್ಲ ಹಾಕಿ ಹಿಂದಕ್ಕೆ ಎಳೆದ. ಗಿಡ್ಡ ಕೋಲು ಬಾಗಲಿಲ್ಲ. ರಿಮ್ಮಾ ಹೇಳಿದ್ದು ನೆನಪಿಗೆ ಬಂತು. ಬರುವಷ್ಟರಲ್ಲಿ ದಾರ ಫಟ್ಟೆಂದಿತು, ಮರದ ಮೀನು ಜೆರೆಖ್ ಬಾಯಲ್ಲೇ ಹೋಯಿತು. ಅವನು ಹಿಂದಕ್ಕೆ ಮರಳಿನ ಮೇಲೆ ಕುಕ್ಕರಿಸಿದ. ನೀರು ಮೊದಲಿನ ಹಾಗೇ ಹರಿಯತೊಡಗಿತು.

ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಫೋನು ಟಿಣ್ ಎಂದಾಗ ದಾಕೆನ್ ಇರಬೇಕು, ಚಹಾಕ್ಕೆ ಕರೆಯುತ್ತಿರಬೇಕು ಅಂದುಕೊಂಡ. ಇಲೆಸನದು. ಬರೆದದ್ದಲ್ಲ, ಮಾತು. ಬೈಜಾನ್ ಫೋನನ್ನು ಕಿವಿಗೆ ಒತ್ತಿಕೊಂಡ. ಹಿನ್ನೆಲೆಯಲ್ಲಿ ಯಂತ್ರದ ಸದ್ದು, ಯಾರೋ ನಗುವುದು, ಬಾಗಿಲು ಮುಚ್ಚಿಕೊಂಡದ್ದು. ಆಮೇಲೆ ದನಿ.

"ಮಾವ. ನಿನ್ನೆ ಕೋಲೊಂದೇ ನೋಡ್ದೆ, ತುದೀಲಿ ನೇತಾಡ್ತಿದ್ದದ್ದನ್ನ ನೋಡ್ಲಿಲ್ಲ. ಈಗ ಶಿಫ್ಟ್ ಮುಗಿಸ್ಕೊಂಡು ಬಂದು ದೊಡ್ಡದು ಮಾಡಿ ನೋಡ್ತಿದೀನಿ. ಅದು ನಾನು ಮಾಡಿದ್ದಲ್ವಾ? ಅಮ್ಮನ ಉಗುರಿನ ಬಣ್ಣ ಕದ್ದು ಹಚ್ಚಿದ್ದು? ಅದಕ್ಕೆ ಅವತ್ತು ಬೈಸ್ಕೊಂಡೆ. ಇನ್ನೂ ಇಟ್ಕೊಂಡಿದೀಯಾ ನೀನು? ನಂದು ಮೂರನೇದು ಬಾಕಿ ಇದೆ ಮಾವ, ಮರ್ತಿಲ್ಲ ತಾನೆ? ಕೋಲು ನೀನೇ ಇಟ್ಕೋ. ನಂಗೆ ಆ ಮೀನು ಬೇಕು. ಅಮ್ಮನದು ಅಂತ ನನ್ನ ಹತ್ರ ಏನೂ ಇಲ್ಲ, ಆ ಬಣ್ಣ ಬಿಟ್ರೆ. ಹತ್ತನೇ ತಾರೀಖು ರಜ ಸಿಗುತ್ತೆ. ಬಂದು ತಗೊಂಡೋಗ್ತೀನಿ. ಚಹಾಕ್ಕೆ ಕೆನೆ ಇಟ್ಟಿರು."

ಬೈಜಾನ್ ಅದನ್ನು ಮತ್ತೆ ಕೇಳಿದ. ಮೂರನೆಯ ಸಲ ಕೇಳಲು ಬೆರಳು ಒತ್ತಿತು, ಆದರೆ ಕೇಳಲಾಗಲಿಲ್ಲ. ಹೊಳೆಯನ್ನು ನೋಡಿದ. ಇಲ್ಲ ಅನ್ನುವಂತಿಲ್ಲ. ಹೋಯಿತು ಅಂದರೆ ಅವನು ಬರುವುದಾದರೂ ಯಾಕೆ? ಮರದ್ದು, ಎಂದು ತನಗೆ ತಾನೇ ಹೇಳಿಕೊಂಡ. ಮರದ್ದು ಮುಳುಗುವುದಿಲ್ಲ. ಜೆರೆಖ್ ಬಾಯಿಂದ ಉಗುಳಿದರೆ ತೇಲುತ್ತದೆ. ಎಲ್ಲಾದರೂ ಜೊಂಡಿನಲ್ಲಿ, ಬೇರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹತ್ತನೇ ತಾರೀಖಿಗೆ ಇನ್ನೂ ಹದಿಮೂರು ದಿನ.

ಬರೆಯಲು ಶುರುಮಾಡಿದ. ಬೆರಳು ಪಕ್ಕದ ಅಕ್ಷರಗಳ ಮೇಲೆ ಬೀಳುತ್ತಿತ್ತು. ಅಳಿಸಿದ, ಬರೆದ, ಮತ್ತೆ ಅಳಿಸಿದ. ಕೊನೆಗೆ ಸರಿಯಾಯಿತು: 'ಬಾ ಅಳಿಯಾ. ಕೊಡ್ತೀನಿ.'

ಎರಡು ಗೆರೆಗಳು ಕೂಡಲೇ ನೀಲಿಯಾದವು.

ಅವನು ಕೋಲನ್ನು ಪೊದೆಗೆ ಒರಗಿಸಿದ. ಬೂಟು ಬಿಚ್ಚಿ, ಷರಾಯಿ ಮಡಿಸಿ, ನೀರಿಗೆ ಇಳಿದ. ನೀರು ಕೊರೆಯುತ್ತಿತ್ತು. ಹೊಳೆ ಹರಿಯುವ ಕಡೆಗೆ, ದಡ ಹಿಡಿದು, ಜೊಂಡನ್ನು ಎರಡೂ ಕೈಯಲ್ಲಿ ಸರಿಸುತ್ತ ನಡೆದ. ಪ್ರತಿ ತಿರುವಿನಲ್ಲೂ ನೊರೆಯೊಳಗೆ ಜಿಡೆಯ ಎಲೆಗಳು ಬಂದು ನಿಂತಿದ್ದವು, ಬೆಳ್ಳಗೆ, ಬೆರಳುದ್ದಕ್ಕೆ, ನೂರಾರು. ಅವನು ಬಗ್ಗಿ ಒಂದನ್ನು ಎತ್ತಿದ, ತಿರುಗಿಸಿ ನೋಡಿ ಬಿಟ್ಟ. ಇನ್ನೊಂದನ್ನು ಎತ್ತಿದ.